ಕಿವಿ ಊದುವುದಕ್ಕೆ ಬಿಡಬೇಕಾದ ಜಾಗ

ಇಂದಿರಾನಗರದ ಕಿವಿ ಮೂಗು ಚುಚ್ಚುವ ಸ್ಟುಡಿಯೋದಲ್ಲಿ ಈಗ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗಿಯರು ನನ್ನ ಕೊನೆಯ ದಿನ ಕೇಕು ಕತ್ತರಿಸಿ, ನನ್ನ ಬಾಯಿಗೂ ಮೂಗಿಗೂ ಒಂದಿಷ್ಟು ಮೆತ್ತಿ, ಒಂದು ದಪ್ಪ ನೋಟ್‌ಬುಕ್ ಕೈಗಿಟ್ಟರು. "ವನಜಕ್ಕಾ, ನಿಮಗೆ ಗೊತ್ತಿರೋದೆಲ್ಲ ಇದ್ರಲ್ಲಿ ಬರ್ದುಕೊಡಿ, ಪ್ಲೀಸ್" ಎಂದರು. ನನಗೆ ಗೊತ್ತಿರುವುದು ಅದರ ಕಾಲು ಭಾಗವನ್ನೂ ತುಂಬುವುದಿಲ್ಲ. ಕಿವಿ ಚುಚ್ಚುವುದೆಂದರೆ ಮೂರು ಸೆಕೆಂಡಿನ ಕೆಲಸ. ಗೊತ್ತಿಲ್ಲದೆ ಮಾಡಿದ್ದನ್ನೂ ಬರೆಯಬಹುದು ಎನ್ನುವುದಾದರೆ ಇನ್ನೊಂದು ನೋಟ್‌ಬುಕ್ ತರಿಸಬೇಕಾಗುತ್ತದೆ.

ಬಡ್ತಿ ಗಿಡ್ತಿ ಕಥೆ ಬೇಡ. ಒರಗಲು ಬಾರದ ಸ್ಟೂಲಿನಿಂದ ಒರಗುವ ಕುರ್ಚಿಗೆ ಬಂದೆ, ಅಷ್ಟೇ. ಅದಕ್ಕೇ ಮೂವತ್ತು ಚಿಲ್ಲರೆ ವರ್ಷ ಹಿಡಿಯಿತು.

ಮೊದಲೇ ಹೇಳಿಬಿಡುತ್ತೇನೆ. ನನ್ನ ಕೈಯಲ್ಲಿ ಕೀವಾದ ಕಿವಿಗಳು ಕೆಲವು ಇವೆ, ವಾಸಿಯೂ ಆದವು. ಪೂರ್ತಿ ಹಾಳಾದದ್ದು ಒಂದೇ ಒಂದು. ಅದು ನನ್ನ ಅಣ್ಣನ ಮಗಳು ಶ್ವೇತಳ ಎಡಗಿವಿ. ಮದುವೆ ಆಗದ ನನಗೆ ಆ ಹುಡುಗಿಯೇ ಮಗಳಾಗಿದ್ದಳು. ಹಲಸೂರಿನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ಅವಳ ಹಾಸಿಗೆ. ಆ ಕಿವಿ ಕೆಟ್ಟ ಮೇಲೆ ಇಪ್ಪತ್ತು ವರ್ಷ ಅವಳು ನನ್ನ ಜೊತೆ ಮನಸ್ಸಿಟ್ಟು ಮಾತಾಡಲಿಲ್ಲ. ನಾನು ಈ ಕೆಲಸವನ್ನು ಬಿಡದೆ ಹಿಡಿದುಕೊಂಡದ್ದು, ಐವತ್ತರ ಹತ್ತಿರ ಬಂದಾಗ ಮತ್ತೆ ಅ ಆ ಇ ಈಯಿಂದ ಕಲಿತದ್ದು, ಅವಳು ಯಾವತ್ತಾದರೂ ಒಂದು ದಿನ ಬಂದು ನನ್ನ ಮುಂದೆ ಕೂರುತ್ತಾಳೆ ಎಂಬ ಆಸೆಗೆ. ಉಳಿದದ್ದನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ನಮ್ಮದು ಗರುಡಾಚಾರ್‌ಪಾಳ್ಯ. ಅಲ್ಲಿ ಈಗ ಗಾಜಿನ ಆಫೀಸುಗಳು. ಆಗ ರಾಗಿ ಹೊಲ, ಹೊಲದ ಆಚೆ ಒಂದೆರಡು ಕಾರ್ಖಾನೆ. ಅಪ್ಪ ಕಾರ್ಖಾನೆಗೆ ಹೋಗುತ್ತಿದ್ದರು. ಗೋಡೆ ಮೇಲೆ ಬುದ್ಧನ ಪಟ ಒಂದೇ. ಅಣ್ಣನಿಗೆ ಕೆಲಸ ಸಿಕ್ಕಿ ಹಲಸೂರಿಗೆ ಬಂದ ಮೇಲೆ ನಾನು ಶಿವಾಜಿನಗರದ ಒಂದು ಒಡವೆ ಅಂಗಡಿಗೆ ಸೇಲ್ಸ್ ಕೆಲಸಕ್ಕೆ ಸೇರಿದೆ. ಮಾಲೀಕರನ್ನು ಎಲ್ಲರೂ ಸೇಟು ಎನ್ನುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಒಂದು ಪರದೆ, ಪರದೆಯ ಹಿಂದೆ ದೊರೆಸ್ವಾಮಿ ಆಚಾರಿ. ಆಚಾರಿ ಅಕ್ಕಸಾಲಿಗರು. ಕಿವಿ ಮೂಗು ಚುಚ್ಚಿಸಿಕೊಳ್ಳಲು ಬಂದವರೆಲ್ಲ ಆ ಪರದೆಯೊಳಗೆ ಹೋಗಬೇಕು. ಮಗುವಿನ ತಲೆ ಅಲ್ಲಾಡದಂತೆ ಹಿಡಿದುಕೊಳ್ಳುವುದು ನನ್ನ ಕೆಲಸವಾಯಿತು.

ಆಚಾರಿಯ ಬಳಿ ಸೂಜಿ ಇರಲಿಲ್ಲ. ಚಿನ್ನದ ತಂತಿಯ ತುದಿಯನ್ನೇ ಚೂಪು ಮಾಡಿ, ಅದರಿಂದಲೇ ಚುಚ್ಚಿ, ಅದನ್ನೇ ಬಳೆಯಂತೆ ಬಗ್ಗಿಸಿ ತಿರುಚಿಬಿಡುತ್ತಿದ್ದರು. ತಿರುಚಿದ ಮೇಲೆ ಒಂದು ಪರೀಕ್ಷೆ ಇತ್ತು. ಕುಂಕುಮದ ಭರಣಿಯಲ್ಲಿ ನಾಲ್ಕು ಅಕ್ಕಿಕಾಳು ಇಟ್ಟುಕೊಂಡಿರುತ್ತಿದ್ದರು. ತಂತಿಗೂ ಕಿವಿಯ ಹಾಲೆಗೂ ನಡುವೆ ಒಂದು ಕಾಳು ಸಲೀಸಾಗಿ ತೂರಬೇಕು. ತೂರದಿದ್ದರೆ ಬಿಚ್ಚಿ ಮತ್ತೆ ತಿರುಚುವರು. "ಊದ್ಕೊಳ್ಳೋದು ಕಿವಿ ಧರ್ಮ ಅಮ್ಮಾ. ಜಾಗ ಬಿಡೋದು ನಮ್ ಧರ್ಮ" ಎನ್ನುತ್ತಿದ್ದರು.

ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲಿರಬೇಕಲ್ಲವೇ. ಹೊಸಕೋಟೆ ಕಡೆಯಿಂದ ಒಬ್ಬ ಮಾವ ಬಂದಿದ್ದ. ಮೀಸೆ ಏನು, ಗತ್ತೇನು, "ನನ್ ಸೊಸೆ ಕಿವಿಗೆ ನೋವಾದ್ರೆ ನೋಡ್ಕೊಳ್ಳಿ ಮತ್ತೆ" ಎಂಬ ಧಮಕಿ ಬೇರೆ. ಆಚಾರಿ ಒಂದು ಕಿವಿ ಮುಗಿಸಿ ತಲೆ ಎತ್ತಿದರೆ ಮಗು ಪಿಳಿಪಿಳಿ ನೋಡುತ್ತಿದೆ, ಮಾವ ಗೋಣು ಚೆಲ್ಲಿದ್ದಾನೆ. ಮಗುವನ್ನು ನಾನು ಹಿಡಿದುಕೊಂಡೆ, ಇಲ್ಲದಿದ್ದರೆ ಇಬ್ಬರೂ ನೆಲಕ್ಕೆ. ಅವತ್ತಿನಿಂದ ತೊಡೆ ಕೊಡುವವರನ್ನು ಗೋಡೆಗೆ ಒರಗಿಸಿಯೇ ಕೂರಿಸುತ್ತಿದ್ದೆ. ಹೊಸಬರು ನೆನಪಿಡಿ: ಚುಚ್ಚಿಸಿಕೊಳ್ಳುವವರು ಬೀಳುವುದು ಕಡಿಮೆ, ಜೊತೆಗೆ ಬಂದವರು ಬೀಳುವುದೇ ಹೆಚ್ಚು.

ಆಚಾರಿಗೆ ಕಣ್ಣಿನ ಪೊರೆ ಬಂದ ಮೇಲೆ ತಂತಿ ನನ್ನ ಕೈಗೆ ಬಂತು. "ನಿನ್ ಕೈ ನಡುಗಲ್ಲ, ಹಿಡಿ" ಎಂದರು, ಅದೇ ನನಗೆ ಸಿಕ್ಕ ಸರ್ಟಿಫಿಕೇಟು. ಒಮ್ಮೆ ಒಬ್ಬ ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಆಚಾರ್ರ ಪೈಕೀನಾ?" ಎಂದು ಕೇಳಿದರು.

"ಅಲ್ಲಮ್ಮ, ಬೌದ್ಧರು."

"ಅಂದ್ರೆ?"

"ಅಂದ್ರೆ ಕೈ ತೊಳ್ಕೊಂಡು ಚುಚ್ತೀವಿ."

ಅವರಿಗೆ ಅದು ರುಚಿಸಲಿಲ್ಲ. ಆಚಾರಿಯೇ ಬೇಕು ಎಂದು ಪಟ್ಟು ಹಿಡಿದರು. ಆಚಾರಿ ಅವರ ಎದುರು ಬಂದು ಕೂತು ಮಂತ್ರ ಹೇಳುವವರಂತೆ ತುಟಿ ಅಲ್ಲಾಡಿಸಿದರು. ಆ ಯಮ್ಮ ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡರು. ಚುಚ್ಚಿದ್ದು ನಾನು. ಕಣ್ಣು ಬಿಟ್ಟು, "ನೋಡಿ, ಕಸುಬಿನವರ ಕೈ ಅಂದ್ರೆ ಕೈ" ಎಂದು ಹೊಗಳಿ ಹೋದರು. ನಾವಿಬ್ಬರೂ ಪರದೆ ಹಿಂದೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕೆವು, ಆಚಾರಿಯದು ಟವೆಲ್ಲು.

ಆಮೇಲೆ ಗನ್ ಬಂತು. ಸ್ಟೇಪ್ಲರ್‌ನಂಥ ಒಂದು ಪ್ಲಾಸ್ಟಿಕ್ ಯಂತ್ರ, ಅದರೊಳಗೆ ಬಣ್ಣದ ಕಲ್ಲಿನ ಓಲೆ. ಸೇಟು ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎತ್ತಿಕೊಂಡು ಬಂದರು. "ವನಜಾ, ಫಾರಿನ್ ಮಾಲು. ಟಕ್ ಅಂದ್ರೆ ಮುಗೀತು. ಜನ ಲೈನ್ ನಿಲ್ತಾರೆ ನೋಡು." ನಿಜಕ್ಕೂ ನಿಂತರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ನಾನೂ ಸಿಕ್ಕಸಿಕ್ಕವರಿಗೆಲ್ಲ ಟಕ್ ಟಕ್ ಎಂದು ಹೊಡೆದೆ. ಆಚಾರಿ ಆ ಓಲೆಯನ್ನು ಬೆರಳಲ್ಲಿ ಸವರಿ ನೋಡಿದರು. "ಕಡ್ಡಿ ಇಷ್ಟ್ ಗಿಡ್ಡ. ಹಿಂದೆ ತಿರುಪು ಒತ್ಕೊಂಡ್ ಬಿಟ್ಟಿದೆ. ಊದಿದ್ರೆ ಅದು ಎಲ್ಲಿಗಮ್ಮಾ ಹೋಗ್ಬೇಕು?" ಎಂದರು. "ಕಾಲ ಬದಲಾಯ್ತು ಆಚಾರ್ರೇ" ಎಂದು ನಾನು ನಕ್ಕೆ. ಅವರು ಅಂಗಡಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಅವರು ತೀರಿಕೊಂಡ ದಿನ ಅಕ್ಷಯ ತೃತೀಯ. ಸೇಟು ನನ್ನನ್ನು ಬಿಡಲಿಲ್ಲ, ನಾನೂ ಜಗಳ ಮಾಡಿ ಹೋಗಲಿಲ್ಲ.

ಈ ಕೆಲಸದ ಒಂದು ವಿಷಯ ನಿಮಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ದಿನವಿಡೀ ಜನರ ಮುಖ ನಿಮ್ಮ ಉಸಿರು ತಾಗುವಷ್ಟು ಹತ್ತಿರ ಇರುತ್ತದೆ. ಅವರ ಕಿವಿಯ ಹಿಂದಿನ ಮಚ್ಚೆ ಅವರ ಗಂಡನಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ. ಹೆದರಿಕೊಂಡು ನಿಮ್ಮ ಸೀರೆ ಹಿಡಿದುಕೊಳ್ಳುತ್ತಾರೆ. ಮುಗಿದ ಕೂಡಲೇ ಕನ್ನಡಿ ನೋಡಿಕೊಳ್ಳುತ್ತಾರೆ, ನಿಮ್ಮನ್ನು ಮರೆತು ಎದ್ದು ಹೋಗುತ್ತಾರೆ. ನಾನು ಸಂಜೆ ಬಸ್ಸಿನಲ್ಲಿ ಎಷ್ಟೋ ಸಲ ನಾನೇ ಚುಚ್ಚಿದ ಮೂಗನ್ನು ಗುರುತು ಹಿಡಿದಿದ್ದೇನೆ. ಮೂಗಿನ ಒಡತಿ ನನ್ನನ್ನು ಗುರುತು ಹಿಡಿದಿಲ್ಲ. ಆಗ ಅದು ಅಷ್ಟು ಕಾಡುತ್ತಿರಲಿಲ್ಲ, ಮನೆಯಲ್ಲಿ ಶ್ವೇತ ಇದ್ದಳಲ್ಲ. "ಅತ್ತೆ, ಇವತ್ತು ಯಾರು ಅತ್ರು? ಯಾರು ಬಿದ್ರು?" ಎಂದು ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಪಿಯುಸಿ ಸೇರಿದ ವರ್ಷ ಅವಳು ಕಾಲೇಜು ಮುಗಿಸಿ ಸೀದಾ ಅಂಗಡಿಗೆ ಬಂದಳು. "ಅತ್ತೆ, ಕಿವಿ ಮೇಲ್ಗಡೆ ಒಂದು ಹೊಡಿ. ಕ್ಲಾಸಲ್ಲಿ ಎಲ್ರೂ ಮಾಡಿಸ್ಕೊಂಡಿದಾರೆ. ಅಪ್ಪಂಗೆ ಹೇಳ್ಬೇಡ." ಮೇಲ್ಗಿವಿಯಲ್ಲಿರುವುದು ಮೆತ್ತನೆಯ ಎಲುಬು, ಹಾಲೆಯಂಥ ಮಾಂಸವಲ್ಲ. ಗನ್ ಅದನ್ನು ಚುಚ್ಚುವುದಿಲ್ಲ, ಜಜ್ಜುತ್ತದೆ. ಡಬ್ಬಿಯ ಮೇಲೆ ಹಾಲೆಗೆ ಮಾತ್ರ ಎಂದು ಇಂಗ್ಲಿಷಿನಲ್ಲಿ ಬರೆದಿತ್ತಂತೆ. ಅದನ್ನು ಯಾರಿಂದಲೋ ಓದಿಸಿಕೊಂಡದ್ದು ಎಲ್ಲ ಮುಗಿದ ಮೇಲೆ. ಅವತ್ತು ನನಗೆ ಕಂಡದ್ದು ಅವಳ ಆಸೆ ಮಾತ್ರ. ಹಸಿರು ಕಲ್ಲಿನದೊಂದನ್ನು ಆರಿಸಿದಳು. ಟಕ್ ಎಂದೆ. ಕಡ್ಡಿ ಗಿಡ್ಡ, ಹಿಂದಿನ ತಿರುಪು ಚರ್ಮಕ್ಕೆ ಒತ್ತಿಕೊಂಡಿತ್ತು. ಅವಳು ನನ್ನ ಕೆನ್ನೆಗೆ ಮುತ್ತು ಕೊಟ್ಟು ಓಡಿದಳು.

ಮೂರನೇ ದಿನಕ್ಕೆ ಕೆಂಪಾಗಿ ಊದಿತು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದೆ. "ದಿನಾ ತಿರುಗಿಸ್ತಾ ಇರು, ಅಂಟ್ಕೊಳ್ಳಲ್ಲ" ಎಂದೆ. ಆಗ ಎಲ್ಲ ಒಡವೆ ಅಂಗಡಿಗಳಲ್ಲೂ ಅದನ್ನೇ ಹೇಳುತ್ತಿದ್ದರು. ಈಗ ಗೊತ್ತು, ಗಾಯವನ್ನು ದಿನಾ ತಿರುಗಿಸುವುದೆಂದರೆ ದಿನಾ ಹೊಸದಾಗಿ ಗಾಯ ಮಾಡುವುದು. ಐದನೇ ದಿನ ಜ್ವರ ಬಂತು. ಕಿವಿ ಊದಿ ಊದಿ ಓಲೆಯ ಕಲ್ಲು ಒಳಗೆ ಹೂತುಹೋಗಿತ್ತು. ಅವಳೇ ಮೆಲ್ಲಗೆ, "ಅತ್ತೆ, ಡಾಕ್ಟ್ರ ಹತ್ರ ಹೋಗೋಣ್ವಾ?" ಎಂದಳು. ನಾನು ಏನೆಂದೆ ಗೊತ್ತೇ? "ಕಿವಿ ಚುಚ್ಚೋಳ ಮನೆ ಮಗು ಕಿವಿಗೆ ಡಾಕ್ಟ್ರಾ? ಜನ ಏನಂತಾರೆ! ಇನ್ನೆರಡು ದಿನ ತಡ್ಕೊ, ನನಗೆ ಗೊತ್ತು ಇದೆಲ್ಲ." ಅವಳು ನನ್ನ ಮಾತು ನಂಬಿ ತಡೆದುಕೊಂಡಳು.

ಗನ್ನಿನ ತಪ್ಪನ್ನು ಸೇಟು ಮೇಲೆ ಹಾಕಬಹುದು, ತಿರುಗಿಸುವ ತಪ್ಪನ್ನು ಆ ಕಾಲದ ಮೇಲೆ ಹಾಕಬಹುದು. ಆ ಎರಡು ದಿನ ಮಾತ್ರ ನನ್ನವು. ಮಾಡಿದ್ದುಣ್ಣೋ ಮಹರಾಯ ಎಂದು ಗಾದೆ ಇದೆ, ಆದರೆ ಇಲ್ಲಿ ಮಾಡಿದವಳು ನಾನು, ಉಂಡವಳು ಹದಿನಾರು ವರ್ಷದ ಮಗು.

ಕೊನೆಗೆ ಅಣ್ಣ ನೋಡಿ ಆಟೋದಲ್ಲಿ ಹಾಕಿಕೊಂಡು ಹೋದ. ಕುಯ್ದು ಕೀವು ತೆಗೆದರು. ಒಳಗಿನ ಎಲುಬು ಅಷ್ಟರಲ್ಲಿ ಕರಗಿತ್ತು. ಪಟ್ಟಿ ಬಿಚ್ಚಿದಾಗ ಕಿವಿಯ ಮೇಲ್ಭಾಗ ಕುಸಿದು, ಒಣಗಿದ ಅಂಜೂರದ ಹಾಗೆ ಮುದುಡಿಕೊಂಡಿತ್ತು. ಅಣ್ಣ ಬೈಯಲಿಲ್ಲ. "ಎರಡು ದಿನ ಮುಂಚೆ ಬಂದಿದ್ರೆ ಉಳೀತಿತ್ತು ಅಂದ್ರು ಡಾಕ್ಟ್ರು" ಎಂದ. ಬೈದಿದ್ದರೆ ವಾಸಿ ಇತ್ತು. ಶ್ವೇತಳ ಹಾಸಿಗೆ ಅತ್ತಿಗೆಯ ಕೋಣೆಗೆ ಹೋಯಿತು. ಅವಳು ಕೂದಲನ್ನು ಎಡಗಡೆಗೆ ಇಳಿಬಿಡಲು ಶುರು ಮಾಡಿದಳು. ನಾನು ಕೇಳಿದ್ದಕ್ಕೆ ಹೂಂ, ಊಹೂಂ. ಎರಡು ತಿಂಗಳು ನೋಡಿ, ಕಮ್ಮನಹಳ್ಳಿಯಲ್ಲಿ ಒಂದು ಕೋಣೆ ಹಿಡಿದೆ. ಹೋಗಬೇಡ ಎಂದು ಯಾರೂ ಹೇಳಲಿಲ್ಲ.

ಅವಳ ಮದುವೆ ಕೆ.ಆರ್. ಪುರದ ಒಂದು ಛತ್ರದಲ್ಲಿ ನಡೆಯಿತು. ಮೂರನೇ ಸಾಲಿನಲ್ಲಿ ಕೂತಿದ್ದೆ. ಕಿವಿಯ ಮೇಲೆ ಅಗಲವಾದ ಮುತ್ತಿನ ಮಾಟಿ, ಅದರ ಮೇಲೆ ಮಲ್ಲಿಗೆ ದಂಡೆ ಇಳಿಬಿಟ್ಟಿದ್ದರು. ಫೋಟೋದವನು, "ಮೇಡಂ, ಸ್ವಲ್ಪ ಆ ಕಡೆ ತಿರುಗಿ, ಸೈಡ್ ಪೋಸ್" ಎಂದ. ಅವಳು, "ಬೇಡ, ಈ ಕಡೆಯಿಂದಾನೇ ತೆಗೀರಿ" ಎಂದಳು. ಅಷ್ಟು ಜನರ ಗಲಾಟೆಯಲ್ಲಿ ಅದು ನನಗೊಬ್ಬಳಿಗೇ ಕೇಳಿಸಿರಬೇಕು. ತಾಂಬೂಲದ ಚೀಲ ಕೊಡುವಾಗ, "ಊಟ ಮಾಡ್ಕೊಂಡ್ ಹೋಗಿ ಅತ್ತೆ" ಎಂದಳು. ಮನೆಯಲ್ಲಿದ್ದಾಗ ನನ್ನನ್ನು ನೀನು ಎನ್ನುತ್ತಿದ್ದವಳು.

ಅವಳಿಗೆ ಹೆಣ್ಣು ಮಗು ಆಯಿತು, ತನ್ವಿ ಎಂದು ಹೆಸರಿಟ್ಟರು ಎಂಬುದನ್ನು ಅತ್ತಿಗೆ ಹೇಳಿದರು. ವರ್ಷ ತುಂಬಿತು, ಮೂರಾಯಿತು, ಆರಾಯಿತು, ಮಗುವಿನ ಕಿವಿ ಮಾತ್ರ ಬೋಳು. "ಯಾರೂ ಅದರ ಕಿವಿಗೆ ಕೈ ಹಚ್ಚೋ ಹಂಗಿಲ್ಲ ಅಂತಾಳೆ. ಬೀಗಿತ್ತಿ ದಿನಾ ಆಡ್ಕೋತಾರೆ" ಎಂದು ಅತ್ತಿಗೆ ಫೋನಿನಲ್ಲಿ ಅತ್ತರು. ನಾನು ಕೆಡಿಸಿದ್ದು ಒಂದು ಕಿವಿ ಎಂದುಕೊಂಡಿದ್ದೆ. ಆ ಲೆಕ್ಕ ತಪ್ಪಾಗಿತ್ತು.

ಶ್ವೇತಳ ಕಿವಿಯ ನಂತರ ನಾನು ಮೇಲ್ಗಿವಿ ಮುಟ್ಟಲಿಲ್ಲ, ಆದರೆ ಹಾಲೆಗೆ ಗನ್ ಹೊಡೆಯುವುದನ್ನು ನಿಲ್ಲಿಸಲಿಲ್ಲ. ಅದನ್ನೂ ಒಪ್ಪಿಕೊಳ್ಳುತ್ತೇನೆ. ಬೇರೆ ದಾರಿ ಗೊತ್ತಿರಲಿಲ್ಲ, ಹೊಟ್ಟೆಪಾಡು ಬೇರೆ. ಒಂದು ಮಧ್ಯಾಹ್ನ ಪುಲಿಕೇಶಿನಗರದ ಹುಡುಗನೊಬ್ಬ ಅಮ್ಮನಿಗೆ ಮೂಗುತಿ ಕೊಳ್ಳಲು ಬಂದ. ಎರಡೂ ತೋಳ ತುಂಬ ಹಚ್ಚೆ, ಹುಬ್ಬಿನಲ್ಲಿ ಬೆಳ್ಳಿ ಗುಂಡು. ಹೆಸರು ಕೆವಿನ್, ಕಿವಿ ಮೂಗು ಚುಚ್ಚುವುದು ಅವನದೂ ಕಸುಬಂತೆ. ನನ್ನ ಕೈಯಲ್ಲಿದ್ದ ಗನ್ ನೋಡಿ, "ಆಂಟಿ, ಇದನ್ನ ಬೀದಿ ನಾಯಿಗೂ ಹೊಡೀಬೇಡಿ" ಎಂದ.

"ನಿನ್ನ ವಯಸ್ಸೆಷ್ಟೋ ಮರಿ? ನೀನು ಹುಟ್ಟೋಕೆ ಮುಂಚಿಂದ ಚುಚ್ತಿದೀನಿ."

"ಅದಕ್ಕೇ ಹೇಳ್ದೆ. ಇದರ ಪೋಸ್ಟ್, ಈ ಕಡ್ಡಿ ನೋಡಿ, ಎಷ್ಟು ಶಾರ್ಟು. ಊದೋದಕ್ಕೆ ರೂಮ್ ಬೇಡ್ವಾ ಆಂಟಿ?"

ಪರದೆಯ ಹಿಂದೆ ಹೋಗಿ ಅತ್ತೆ. ಆಚಾರಿ ಅಕ್ಕಿಕಾಳು ಹಿಡಿದುಕೊಂಡು ಹೇಳಿದ್ದನ್ನೇ ಈ ಹಚ್ಚೆ ಹುಡುಗ ಇಂಗ್ಲಿಷ್ ಬೆರೆಸಿ ಹೇಳುತ್ತಿದ್ದ. ಅವರಿಬ್ಬರ ನಡುವಿನ ಕಾಲದಲ್ಲಿ ನಾವೆಲ್ಲ ಹೊಸತನ ಎಂದುಕೊಂಡು ಮಾಡಿದ್ದೇ ತಪ್ಪು. ಮುಂದಿನ ವಾರ ಇಂದಿರಾನಗರದಲ್ಲಿ ಅವನ ಸ್ಟುಡಿಯೋ ಹುಡುಕಿಕೊಂಡು ಹೋಗಿ, "ಕಲಿಸ್ತೀಯಾ?" ಎಂದು ಕೇಳಿದೆ.

ಕೆವಿನ್‌ನಷ್ಟು ಕಟ್ಟುನಿಟ್ಟಿನ ಮೇಲಧಿಕಾರಿಯನ್ನು ನಾನು ನೋಡಿಲ್ಲ. ಮೂರು ತಿಂಗಳು ರಬ್ಬರ್ ಕಿವಿ ಚುಚ್ಚಿಸಿದ. ಅಯ್ಯೋ, ಸಾವಿರ ಮಕ್ಕಳ ಕಿವಿ ಹಿಡಿದವಳಿಗೆ ರಬ್ಬರ್ ಕಿವಿ! ಕೈಗವಸು ಹಾಕಿಕೊಂಡು ಒಮ್ಮೆ ಮೂಗು ಕೆರೆದುಕೊಂಡೆ ಎಂದು, "ವನಜಕ್ಕಾ, ಚೇಂಜ್" ಎಂದ. ಎರಡನೇ ಸಲ ಕೆರೆದುಕೊಂಡಾಗ ಮನೆಗೆ ಕಳಿಸಿದ. ನಾನು ಬೈದುಕೊಂಡು ಹೋದೆ, ಮರುದಿನ ಬಂದೆ. ಟೊಳ್ಳು ಸೂಜಿ, ಒಂದು ಸಲಕ್ಕೆ ಒಂದು, ಟೈಟಾನಿಯಂ ಕಡ್ಡಿ, ಹಿಂದೆ ತಿರುಪಿನ ಬದಲು ಚಪ್ಪಟೆ ಬಿಲ್ಲೆ, ಕಡ್ಡಿ ಮೊದಲಿಗೆ ಉದ್ದ. ಉಪ್ಪುನೀರು ಬಿಟ್ಟರೆ ಏನೂ ಹಚ್ಚಬಾರದು. ಅರಿಶಿನ ಇರುವುದು ಸಾರಿಗೆ ಹಾಕಲು.

ಚುಚ್ಚುವುದಕ್ಕಿಂತ ಕಷ್ಟದ್ದು ಮೊದಲ ಒಡವೆ ಆರಿಸುವುದು. ಯಾರಿಗೂ ಮೊದಲ ಒಡವೆ ಬೇಡ, ಎಲ್ಲರಿಗೂ ಕೊನೆಯ ಒಡವೆಯೇ ಬೇಕು. ಮದುವೆಗೆ ಹತ್ತು ದಿನ ಇರುವಾಗ ಒಬ್ಬಳು ಬಂದು ಮೂಗಿಗೆ ನೇರ ದೊಡ್ಡ ನತ್ತು ಹಾಕು ಎನ್ನುತ್ತಾಳೆ. ರಿಂಗು ಅಲ್ಲಾಡಿದಷ್ಟೂ ಗಾಯ ಅಲ್ಲಾಡುತ್ತದೆ ಎಂದರೆ ಮುಖ ಊದಿಸುತ್ತಾಳೆ. ಹಲಸೂರಿನ ಒಬ್ಬ ಅಜ್ಜಿ ಮೊಮ್ಮಗಳಿಗೆಂದು ತಮ್ಮ ಬೆಂಡೋಲೆ ತಂದಿದ್ದರು. ಒಳ್ಳೆಯ ಚಿನ್ನ, ನೂರು ವರ್ಷದ್ದಂತೆ, ಒಳಗೆಲ್ಲ ಅರಗು. ಅಷ್ಟೂ ವರ್ಷದ ಬೆವರು, ಎಣ್ಣೆ ಆ ಅರಗಿನಲ್ಲಿ ಕೂತಿರುತ್ತದೆ. "ಆರು ತಿಂಗಳು ಬಿಟ್ಟು ಹಾಕಿ ಅಜ್ಜಿ" ಎಂದೆ. "ಅಷ್ಟೊತ್ತಿಗೆ ನಾನಿರಬೇಕಲ್ಲೇ" ಎಂದರು. ಹಸಿ ಗಾಯಕ್ಕೆ ಹಾಕಲಿಲ್ಲ, ಮೊಮ್ಮಗಳ ಕತ್ತಿಗೆ ದಾರದಲ್ಲಿ ಕಟ್ಟಿ ಫೋಟೋ ತೆಗೆದುಕೊಟ್ಟೆ. ಅಜ್ಜಿಗೆ ಬೇಕಾದದ್ದು ಅಷ್ಟೇ ಆಗಿತ್ತು.

ಗರುಡಾಚಾರ್‌ಪಾಳ್ಯದ ಯಾವುದೋ ಆಫೀಸಿನ ಹುಡುಗಿಯೊಬ್ಬಳು ಒಬ್ಬಳೇ ಬಂದಿದ್ದಳು, ಮೊದಲ ಮೂಗುತಿ. ಅವತ್ತು ಅವಳ ಹುಟ್ಟಿದ ಹಬ್ಬವಂತೆ. ನಮ್ಮೂರ ಹೊಲ ಇದ್ದ ಜಾಗದಲ್ಲೇ ಅವಳ ಆಫೀಸು. ಮುಗಿದ ಮೇಲೂ ಎದ್ದು ಹೋಗಲಿಲ್ಲ. "ಆಂಟಿ, ಸ್ವಲ್ಪ ಹೊತ್ತು ಇಲ್ಲೇ ಕೂರ್ಲಾ?" ಎಂದಳು. ಕೂರು ಎಂದೆ. ಮುಂದಿನ ಗಿರಾಕಿ ಬರುವವರೆಗೆ ಇಬ್ಬರೂ ಸುಮ್ಮನೆ ಕೂತಿದ್ದೆವು. ನನಗೆ ಆ ಕೂತಿದ್ದು ಹಿತವಾಗಿತ್ತು.

ನಾನು ಕೆಲಸ ಬಿಡಲು ಎರಡು ವಾರ ಇತ್ತು. ಸಾಮಾನು ಜೋಡಿಸುತ್ತಿದ್ದೆ. ಬಾಗಿಲು ತೆರೆದು ಶ್ವೇತ ಒಳಗೆ ಬಂದಳು. ಕೂದಲು ಎಡಗಡೆಗೆ ಇಳಿಬಿಟ್ಟಿತ್ತು. ಪಕ್ಕದಲ್ಲಿ ಹನ್ನೆರಡು ವರ್ಷದ ತನ್ವಿ, ಅರಳು ಹುರಿದಂತೆ ಮಾತು. "ನೀವೇನಾ ವನಜಜ್ಜಿ? ಕ್ಲಾಸಲ್ಲಿ ಕಿವಿ ಚುಚ್ಚಿಸ್ಕೊಳ್ದೇ ಇರೋಳು ನಾನೊಬ್ಳೇ. ಅಮ್ಮ ಎರಡು ವರ್ಷದಿಂದ ಯೋಚ್ನೆ ಮಾಡ್ತಾನೇ ಇದಾಳೆ."

"ಇಲ್ಲಿ ಇಬ್ರು ಹುಡುಗೀರಿದಾರೆ ಶ್ವೇತ, ಕೈ ಚುರುಕು. ಅವರ ಹತ್ರ ಮಾಡಿಸ್ಲಾ?" ಎಂದೆ.

"ಬೇಡ" ಎಂದಳು. "ಅವರಿಗೆ ಕೆಟ್ರೆ ಏನಾಗುತ್ತೆ ಅಂತ ಗೊತ್ತಿಲ್ಲ. ನಿಮಗೆ ಗೊತ್ತು."

ಕೈ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ. ಸೂಜಿಯ ಪ್ಯಾಕೆಟ್ಟನ್ನು ಶ್ವೇತಳ ಕೈಗೆ ಕೊಟ್ಟು ಸೀಲು ತೋರಿಸಿದೆ. ತನ್ವಿಗೆ ತೂಗಾಡುವ ಚಿಟ್ಟೆ ಬೇಕಿತ್ತು. ಶ್ವೇತ ಪರ್ಸಿನಿಂದ ಅತ್ತಿಗೆ ಕೊಟ್ಟ ಚಿನ್ನದ ಓಲೆ ತೆಗೆದಳು. ಎರಡನ್ನೂ ಬೇಡ ಎಂದೆ. ಸಾದಾ ಗುಂಡಿನ ಒಂದು ಜೊತೆ ಆರಿಸಿದೆ. "ಹಿಂದ್ಗಡೆ ಕಡ್ಡಿ ಇಷ್ಟುದ್ದ ಆಚೆ ಬರುತ್ತಾ? ಥೂ, ಚೆನ್ನಾಗಿಲ್ಲ" ಎಂದಳು ತನ್ವಿ.

"ಇವತ್ತಿಗಲ್ಲ ಕಣೇ ಅದು, ನಾಳಿದ್ದಿಗೆ. ನಾಳಿದ್ದು ನಿನ್ ಕಿವಿ ಊದುತ್ತೆ, ಅದಕ್ಕೆ ಜಾಗ ಬೇಕು. ಆರು ವಾರಕ್ಕೆ ಊತ ಇಳಿಯುತ್ತೆ. ಆಗ ಬಾ, ಕೆಲಸ ಬಿಟ್ಟಿದ್ರೂ ನಾನೇ ಬಂದು ಇದನ್ನ ತೆಗೆದು ಗಿಡ್ಡದು ಹಾಕ್ತೀನಿ. ಹಾಗೇ ಬಿಟ್ರೆ ಉದ್ದ ಕಡ್ಡಿ ಅಲ್ಲಿಲ್ಲಿ ಸಿಕ್ಕಿ ಎಳೆಯುತ್ತೆ. ಬರಲೇಬೇಕು."

ಶ್ವೇತ ಕೇಳಿಸಿಕೊಳ್ಳುತ್ತಿದ್ದಳು. ಪೆನ್ನಿನಲ್ಲಿ ಚುಕ್ಕೆ ಇಟ್ಟೆ, ಕನ್ನಡಿ ಹಿಡಿದು ಇಬ್ಬರಿಗೂ ತೋರಿಸಿದೆ, ಅಳಿಸಿ ಮತ್ತೆ ಇಟ್ಟೆ. ಉಸಿರು ಬಿಡು ಎಂದೆ. ಆಯಿತು. ಇನ್ನೊಂದೂ ಆಯಿತು. "ಇಷ್ಟೇನಾ?" ಎಂದಳು ತನ್ವಿ.

ಶ್ವೇತ ಕುರ್ಚಿಯ ಹಿಡಿ ಬಿಟ್ಟಳು, ಅವಳ ಬೆರಳು ಬೆಳ್ಳಗಾಗಿದ್ದವು. "ಏನೇ ಆದ್ರೂ, ಒಂದ್ ಚೂರು ಕೆಂಪು ಜಾಸ್ತಿ ಆದ್ರೂ, ಸೀದಾ ಡಾಕ್ಟ್ರ ಹತ್ರ ಹೋಗು. ನನ್ನ ಕೇಳ್ತಾ ಕೂರ್ಬೇಡ" ಎಂದೆ. ಆಮೇಲೆ ತಡೆಯಲಾಗದೆ, "ಶ್ವೇತ, ಅವತ್ತು ಆ ಎರಡು ದಿನ ನಾನು…" ಎಂದು ಶುರು ಮಾಡಿದೆ.

"ಇವಳ ಮುಂದೆ ಬೇಡ ಅತ್ತೆ" ಎಂದಳು. ಸರಿ, ಆರು ವಾರಕ್ಕೆ ಬರುತ್ತಾಳಲ್ಲ, ಆಗ ಹೇಳಿದರಾಯಿತು ಎಂದುಕೊಂಡೆ.

ಕೆಲಸ ಬಿಟ್ಟೆ. ಕಮ್ಮನಹಳ್ಳಿಯ ಕೋಣೆಯಲ್ಲಿ ಕೂತು ವಾರ ಎಣಿಸಿದೆ. ಗಿಡ್ಡ ಕಡ್ಡಿಯ ಒಂದು ಜೊತೆ ಮೊದಲೇ ತೆಗೆದಿಟ್ಟಿದ್ದೆ. ಏನು ಹೇಳಬೇಕು ಎಂಬುದನ್ನು ಅನ್ನ ಬೇಯುವಾಗ, ಬಟ್ಟೆ ಒಣಹಾಕುವಾಗ ಹೇಳಿಕೊಂಡು ಹೇಳಿಕೊಂಡು ಬಾಯಿಪಾಠ ಆಗಿತ್ತು. ಆರನೇ ವಾರ ನಾಲ್ಕು ದಿನ ಸ್ಟುಡಿಯೋದಲ್ಲಿ ಹೋಗಿ ಕೂತೆ. ಕೆವಿನ್ ಏನೂ ಕೇಳದೆ ಚಹಾ ತರಿಸಿದ. ಏಳನೇ ವಾರ ಮೆಟ್ರೋ ಹತ್ತಿ ಶ್ವೇತ ಇರುವ ಕೆ.ಆರ್. ಪುರದಲ್ಲಿ ಇಳಿದೆ. ಇಳಿದ ಮೇಲೆ ಹೊಳೆಯಿತು, ಅವಳ ಮನೆ ಯಾವ ಬೀದಿಯಲ್ಲಿದೆ ಎಂದು ನನಗೆ ಗೊತ್ತಿಲ್ಲ. ವಾಪಸ್ ಬಂದು ಫೋನ್ ಮಾಡಿದೆ.

"ಓ, ಅದಾ ಅತ್ತೆ? ಆಗ್ಲೇ ಚೇಂಜ್ ಮಾಡಿಸ್ದೆ. ಇಲ್ಲೇ ಮನೆ ಹತ್ರ ಒಂದು ಹೊಸದು ಓಪನ್ ಆಗಿದೆ. ನೀವು ಹೇಳ್ದಂಗೇ ಗಿಡ್ಡದು ಹಾಕ್ಸಿದೆ. ಯಾರು ಚುಚ್ಚಿದ್ದು, ತುಂಬಾ ನೀಟಾಗಿದೆ ಅಂದ್ರು."

"ಕೀವು ಗೀವು?"

"ಏನೂ ಇಲ್ಲ. ಪೂರ್ತಿ ವಾಸಿಯಾಗಿದೆ."

ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. "ನನ್ನದು ತಪ್ಪಾಯ್ತು ಕಣೇ. ಆ ಎರಡು ದಿನ ನಿನ್ನ ತಡ್ಕೊ ಅಂದಿದ್ದು" ಎಂದೆ, ಅಷ್ಟೇ.

"ನನಗೆ ಸಿಟ್ಟಿಲ್ಲ ಅತ್ತೆ" ಎಂದಳು. "ಇತ್ತು. ತುಂಬಾ ವರ್ಷ ಇತ್ತು. ತನ್ವಿ ಕಿವಿ ವಾಸಿಯಾದ್ಮೇಲೆ ನೋಡ್ಕೊಂಡೆ, ಇಲ್ಲ. ಮುಗೀತು ಅದು. ನೀವೂ ಬಿಟ್ಬಿಡಿ, ಆರಾಮಾಗಿರಿ. ಕುಕ್ಕರ್ ಕೂಗ್ತಿದೆ, ಇಡ್ಲಾ?"

ಇಡು ಎಂದೆ.

ಅಳು ಬಂತೇ? ಬಂತು. ಖುಷಿಗೂ ಅತ್ತೆ. ಇಪ್ಪತ್ತು ವರ್ಷದಲ್ಲಿ ನಾನು ಬೇಡಿಕೊಂಡಿದ್ದು ಆ ಒಂದು ಮಾತನ್ನೇ, ಅವಳು ಧಾರಾಳವಾಗಿ ಕೊಟ್ಟಳು. ಆದರೆ ಅವಳ ಸಿಟ್ಟು ಇದ್ದಷ್ಟು ದಿನ ನನ್ನನ್ನು ನೆನೆಸಿಕೊಳ್ಳುವವಳು ಒಬ್ಬಳಿದ್ದಳು ಎಂಬುದು ಫೋನ್ ಇಟ್ಟ ಮೇಲೆ ತಿಳಿಯಿತು. ಅದಾಗಿ ಐದು ತಿಂಗಳಾಯಿತು. ಅವಳು ಫೋನ್ ಮಾಡಿಲ್ಲ, ಮಾಡುವುದಕ್ಕೆ ಕಾರಣವೂ ಇಲ್ಲ. ಕಿವಿ ಚೆನ್ನಾಗಿದೆ.

ಹುಡುಗಿಯರೇ, ನಿಮ್ಮ ಹತ್ತಿರ ಬಂದವರಿಗೆ ಆರನೇ ವಾರಕ್ಕೆ ಬನ್ನಿ ಎಂದು ತಪ್ಪದೆ ಹೇಳಿ, ಚೀಟಿಯಲ್ಲಿ ದಿನ ಬರೆದುಕೊಡಿ. ಬರದಿದ್ದರೆ ವಾಸಿಯಾಗಿದೆ ಎಂದು ತಿಳಿದು ಸಂತೋಷಪಡಿ. ನಾನೂ ಹಾಗೇ ಅಂದುಕೊಂಡಿದ್ದೇನೆ. ಆದರೂ ಫೋನ್ ಹೊಡೆದುಕೊಂಡರೆ ಒಲೆ ಮೇಲಿನ ಹಾಲನ್ನೂ ಬಿಟ್ಟು ಓಡಿ ಮೊದಲನೇ ರಿಂಗಿಗೇ ಎತ್ತುತ್ತೇನೆ. ಹೊಸಕೋಟೆ ಹತ್ತಿರ ಸೈಟು ಬೇಕಾ ಮೇಡಂ ಎಂದು ಯಾರೋ ಒಬ್ಬಳು ಹುಡುಗಿ ಕೇಳುತ್ತಾಳೆ. ಬೇಡ ಎಂದು ಕೂಡಲೇ ಇಡುವುದಿಲ್ಲ. ಯಾವ ಊರಮ್ಮ ನಿಂದು, ಊಟ ಆಯ್ತಾ ಎಂದು ಕೇಳುತ್ತೇನೆ.